ಹತ್ತು ಒಂಟೆಗಳಿಗೆ ನೀರು ತಂದವರು ಯಾರು?

ಪ್ರಿಯರೇ,

‘ಬಾವಿಯ ಹುಡುಗಿ’ ಕಥೆ ತಲುಪಿತು. ಮಗ ಇಸಾಕನಿಗೆ ಹೆಣ್ಣು ತರಲು ಅಬ್ರಹಾಮ ತನ್ನ ಹಿರಿಯ ಆಳನ್ನು ಒಡಹುಟ್ಟಿದ ನಾಹೋರನ ಊರಿಗೆ ಕಳಿಸುವ ಪ್ರಸಂಗ, ಬೈಬಲ್ಲಿನ ಆದಿಕಾಂಡದ 24ನೇ ಅಧ್ಯಾಯದ್ದು. ಅದನ್ನು ಕಥೆ ಮಾಡಲು ಹೊರಟ ನಿಮ್ಮ ಧೈರ್ಯ ಮೆಚ್ಚಿದೆ. ಭಾಷೆ ಶುದ್ಧವಾಗಿದೆ, ಕಾಗುಣಿತ ತಪ್ಪಿಲ್ಲ. ಇನ್ನು ನನಗೆ ಸಿಟ್ಟು ಬಂದ ಜಾಗಕ್ಕೆ ಬರುತ್ತೇನೆ.

ಎರಡನೇ ಪುಟ: “ಆಗ ಆಕಾಶದಿಂದ ಗಂಭೀರ ಧ್ವನಿ ಮೊಳಗಿತು: ಇವಳೇ ಆ ಕನ್ಯೆ!”

ಈ ಧ್ವನಿ ಎಲ್ಲಿಂದ ತಂದಿರಿ? ಮೂಲದಲ್ಲಿ ಪಿಸುಮಾತೂ ಇಲ್ಲ. ಆಳು ದೇವರನ್ನು ಬೇಡಿಕೊಂಡದ್ದು ಇಷ್ಟೇ: ನಾನು ಕುಡಿಯಲು ನೀರು ಕೇಳುತ್ತೇನೆ, ‘ನಿನ್ನ ಒಂಟೆಗಳಿಗೂ ಕೊಡುತ್ತೇನೆ’ ಅನ್ನುವವಳೇ ನೀನು ಗೊತ್ತುಮಾಡಿದವಳಾಗಿರಲಿ. ಆತ ಎಂಥ ಮನೆಯ ಆಳು ನೋಡಿ. ಮಮ್ರೆ ಎಂಬಲ್ಲಿ ಮರದಡಿ ದಾರಿಹೋಕರಿಗೆ ‘ತುತ್ತು ರೊಟ್ಟಿ’ ಎಂದು ಹೇಳಿ ಎಳೆಗರುವನ್ನೇ ಅಡಿಗೆ ಮಾಡಿಸಿ ಬಡಿಸಿದ ಯಜಮಾನ ಅವನದು. ಆ ಮನೆಗೆ ಬರುವ ಸೊಸೆಯಲ್ಲಿ ಏನು ಹುಡುಕಬೇಕೆಂದು ಅವನಿಗೆ ಗೊತ್ತು. ಆಕಾಶವೇ ಉತ್ತರ ಹೇಳಿಬಿಟ್ಟರೆ ಆ ಪರೀಕ್ಷೆ ಯಾತಕ್ಕೆ?

ಮುಂದಿನ ಸಾಲು: “ರೆಬೆಕ್ಕ ನಗುನಗುತ್ತಾ ಒಂಟೆಗಳಿಗೆ ನೀರು ಕುಡಿಸಿದಳು.”

ಹತ್ತು ಒಂಟೆ, ಸ್ವಾಮಿ! ಚೆನ್ನಾಗಿ ಬಾಯಾರಿದ ಒಂಟೆ ಒಂದೇ ಸಲಕ್ಕೆ 100 ಲೀಟರ್‌ವರೆಗೂ ಕುಡಿಯಬಲ್ಲದು. ಕೊಡಕ್ಕೆ 15 ಲೀಟರ್ ಅಂತಿಟ್ಟುಕೊಂಡರೆ 60-70 ಸಲ ತುಂಬಬೇಕು, ಹೊರಬೇಕು, ತೊಟ್ಟಿಗೆ ಸುರಿಯಬೇಕು. ಅರ್ಧ ಬಾಯಾರಿಕೆ ಅಂದರೂ ಮೂವತ್ತಕ್ಕೆ ಕಮ್ಮಿಯಿಲ್ಲ. ಮೂಲದಲ್ಲಿ ಹುಡುಗಿ ಓಡುತ್ತಾಳೆ. ಆಳಿನ ಜೊತೆ ಬೇರೆ ಗಂಡಸರೂ ಇದ್ದರು, ಮುಂದೆ ಅವರ ಕಾಲಿಗೂ ನೀರು ಸಿಗುತ್ತದೆ. ಅವರಲ್ಲೊಬ್ಬ ಕೊಡಕ್ಕೆ ಕೈ ಹಚ್ಚಿದ್ದಾಗಿ ಕಥೆ ಹೇಳುವುದಿಲ್ಲ. ಆಳು ಬಾಯಿಬಿಡದೆ ಅವಳನ್ನೇ ನೋಡುತ್ತಾ ನಿಂತಿದ್ದಾನೆ, ದೇವರಾದ ಯೆಹೋವ ತನ್ನ ಪ್ರಯಾಣವನ್ನು ಸಫಲ ಮಾಡಿದನೋ ಇಲ್ಲವೋ ಎಂದು. ಬೇಡಿದ ಮಾತು ಅವಳ ಬಾಯಿಂದ ಬಂದಾಗಿದೆ. ಆದರೂ ಒಂಟೆಗಳು ಕುಡಿದು ಮುಗಿಸುವ ತನಕ ಅವನು ಹೆಣ್ಣಿಗೆ ಕೊಡುವ ಚಿನ್ನದ ಮೂಗುತಿ ಹೊರಗೆ ತೆಗೆಯುವುದಿಲ್ಲ! ಇಂಥ ಜಾಗವನ್ನು ಒಂದು ‘ನಗುನಗುತ್ತಾ’ದಲ್ಲಿ ದಾಟಿಬಿಟ್ಟಿರಿ.

ನಾನು ಕೆಲಸ ಕಲಿತದ್ದು ಅಚ್ಚಿನ ಮೊಳೆ ಜೋಡಿಸುವ ಕಾಲದ ಒಂದು ವಾರಪತ್ರಿಕೆಯಲ್ಲಿ. ಅಲ್ಲಿನ ಹಿರಿಯರು ಎಲೆಅಡಿಕೆ ಜಗಿಯುತ್ತಾ, ಬಂದ ಕಥೆಗಳನ್ನು ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದರು. ‘ಅತಿಥಿಯನ್ನು ಸತ್ಕರಿಸಿದಳು’ ಅಂತ ಬಂದರೆ ಸಾಕು, ಕೈ ಎತ್ತುವರು. “ಏನು ಕೊಟ್ಟಳು? ಮನೇಲಿತ್ತೋ, ಪಕ್ಕದವರ ಹತ್ರ ತಂದಳೋ? ಬಡಿಸಿದ್ದು ಯಾರು?” ಕಥೆಯಲ್ಲಿ ಉತ್ತರವಿಲ್ಲದಿದ್ದರೆ ಅದು ವಾಪಸ್ಸು ಹೋಗುವ ಕಥೆಗಳ ಕಟ್ಟಿಗೆ ಸೇರುತ್ತಿತ್ತು. ಆಗ ಮಹಾ ಕಿರಿಕಿರಿ ಮನುಷ್ಯ ಅನ್ನಿಸುತ್ತಿತ್ತು. ಈಗ ನಾನೇ ಕೊಡ ಎಣಿಸುತ್ತಾ ಕೂತಿದ್ದೇನೆ.

ನಾಲ್ಕನೇ ಪುಟ: “ಊಟವಾದ ಮೇಲೆ ಆಳು ನಡೆದದ್ದನ್ನೆಲ್ಲ ವಿವರಿಸಿದ.”

ಇದು ಉಲ್ಟಾ. ಊಟ ಮುಂದಿಟ್ಟರೂ ಆತ ‘ಬಂದ ಕೆಲಸ ಹೇಳುವ ತನಕ ಉಣ್ಣುವುದಿಲ್ಲ’ ಅನ್ನುತ್ತಾನೆ. ಉಂಡು ಹೆಣ್ಣು ಕೇಳಿದರೆ ಸಿಗುವುದು ದಾಕ್ಷಿಣ್ಯದ ಒಪ್ಪಿಗೆ. ‘ನಡೆದದ್ದನ್ನೆಲ್ಲ’ ಎಂಬುದೂ ಸರಿಯಲ್ಲ. ಬಾವಿಯ ಹತ್ತಿರ ಆತ ಮೊದಲು ಚಿನ್ನ ತೆಗೆದ, ಆಮೇಲೆ ‘ಯಾರ ಮಗಳು’ ಎಂದು ಕೇಳಿದ. ಮನೆಯವರ ಮುಂದೆ ಹೇಳುವಾಗ ಮೊದಲು ಕೇಳಿದೆ, ಆಮೇಲೆ ತೊಡಿಸಿದೆ ಅನ್ನುತ್ತಾನೆ. ದೇವರ ಮೇಲೆ ಭಾರ ಹಾಕಿ, ಕುಲ ಕೇಳದೆ ಬಂಗಾರ ತೆಗೆದೆ ಅಂತ ಹುಡುಗಿಯ ಅಣ್ಣನೆದುರು ಹೇಳಲಾದೀತೇ? ಅದರಲ್ಲೂ ಈ ಲಾಬಾನ, ತಂಗಿಯ ಮೂಗುತಿ, ಕೈಬಳೆ ಕಂಡ ಮೇಲೆ ‘ಯೆಹೋವನ ಆಶೀರ್ವಾದ ಪಡೆದವನೇ, ಒಳಗೆ ಬಾ’ ಎಂದು ಕರೆದ ಆಸಾಮಿ.

ಈ ಎರಡು ಪುಟ ಮತ್ತೆ ಬರೆದು ಕಳಿಸಿ. ನಿಮ್ಮ ಬೆಳದಿಂಗಳು, ಖರ್ಜೂರದ ಮರ ಎಲ್ಲ ಹಾಗೇ ಇರಲಿ, ಅವುಗಳ ಜೊತೆ ನನಗೆ ಜಗಳವಿಲ್ಲ. ಆಕಾಶದ ಧ್ವನಿ ಇನ್ನೊಮ್ಮೆ ಕಂಡರೆ ಮಾತ್ರ ಕಥೆ ಮರುಟಪಾಲಿನಲ್ಲೇ ಹಿಂದಿರುಗುತ್ತದೆ.