ಶ್ರೀಮಂತರಿಗೆ ಶುಗರ್ ಮತ್ತು ಹಾರ್ಟು, ಬಡವರಿಗೆ ಟಿಬಿ ಮತ್ತು ಭೇದಿ: ಪ್ರಾಜೆಕ್ಟ್‌ಗೆ ಹೀಗೆ ಎರಡು ಪಟ್ಟಿ ಮಾಡಿ ಹೋಲಿಸಬಹುದಾ?

ಮಾಡಬೇಡಿ. ನಿಮ್ಮ ಪ್ರಶ್ನೆ ಓದಿದಾಗ ನನ್ನ ಹಳೇ ನೋಟ್‌ಬುಕ್ ತೆರೆದ ಹಾಗಾಯಿತು. ಒಂದು ಅಪಾರ್ಟ್‌ಮೆಂಟು, ಒಂದು ಕೊಳೆಗೇರಿ, ಅಲ್ಲಿಗೊಂದು ಫಾರಂ, ಇಲ್ಲಿಗೊಂದು ಫಾರಂ. 2015ರಲ್ಲಿ ಮೈಸೂರಿನಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವಾಗ ನಾನೂ ಇದನ್ನೇ ಮಾಡಿದ್ದೆ. ಅಪಾರ್ಟ್‌ಮೆಂಟಿನ ಫಾರಂನಲ್ಲಿ ಶುಗರ್, ಬಿಪಿ, ತೂಕ, ವಾಕಿಂಗ್. ಇನ್ನೊಂದರಲ್ಲಿ ಕೆಮ್ಮು, ಜ್ವರ, ಭೇದಿ, ನಲ್ಲಿ ನೀರು, ಚರಂಡಿ.

ರೈಲು ಹಳಿ ಪಕ್ಕದ ಆ ಬೀದಿಯನ್ನು ಆರಿಸಿಕೊಂಡಿದ್ದು ನಮ್ಮ ಚಿಕ್ಕಮ್ಮ ಅಲ್ಲಿದ್ದರು ಅಂತ. ಶೀಟ್ ಮನೆ. ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುತ್ತಿದ್ದರು. "ನಮ್ಮಕ್ಕನ ಮಗಳು, ಓದ್ತಾ ಇದ್ದಾಳೆ, ಕೇಳಿದ್ದಕ್ಕೆಲ್ಲ ಹೇಳ್ರಮ್ಮ" ಅಂತ ಅವರೇ ಮನೆಮನೆಗೂ ಕರೆದುಕೊಂಡು ಹೋದರು. ಅವರಿಗೂ ಮೂರು ವಾರದಿಂದ ಕೆಮ್ಮು. ಮೈ ಇಳಿದು 38 ಕೆಜಿ ಆಗಿತ್ತು. ಫಾರಂನಲ್ಲಿ ಕೆಮ್ಮಿನ ಕಾಲಂ ಇತ್ತಲ್ಲ, ಹಾಗಾಗಿ ಅದು ನನ್ನ ಕಣ್ಣಿಗೆ ಬಿತ್ತು. ಕಫ ಪರೀಕ್ಷೆ ಮಾಡಿಸಿದೆ. ಟಿಬಿ. ಆಗಿನ ಪದ್ಧತಿಯಂತೆ ದಿನ ಬಿಟ್ಟು ದಿನ ಡಾಟ್ಸ್, ಅಂದರೆ ಸರ್ಕಾರ ಕೊಡುವ ಟಿಬಿ ಮಾತ್ರೆ, ಶುರುವಾಯಿತು. ನನ್ನ ಪ್ರಾಜೆಕ್ಟಿನಿಂದ ಒಂದು ಜೀವ ಉಳಿಯಿತು ಅಂದುಕೊಂಡೆ.

ನಾನು ಮಾಡಿದ ತಪ್ಪು ಆಮೇಲಿನದು. ಇದನ್ನು ಉದ್ದಕ್ಕೇ ಹೇಳ್ತೀನಿ, ಯಾಕೆಂದರೆ ನೀವು ಮಾಡಲು ಹೊರಟಿರುವುದೂ ಅದನ್ನೇ.

ಮಾತ್ರೆ ಶುರುವಾಗಿ ಒಂದು ತಿಂಗಳಾಗಿತ್ತು. ಚಿಕ್ಕಮ್ಮ ಹೇಳಿದರು, ರಾತ್ರಿ ನಾಲ್ಕೈದು ಸಲ ಏಳಬೇಕು, ಬೀದಿ ಕೊನೆಯ ಶೌಚಾಲಯಕ್ಕೆ ಕತ್ತಲಲ್ಲಿ ಹೋಗೋಕೆ ಭಯ, ಮನೆ ಮೂಲೆಯ ಬಚ್ಚಲಲ್ಲೇ ಮುಗಿಸ್ತೀನಿ ಅಂತ. "ಬೆಳಗ್ಗೆ ಎದ್ದು ನೋಡಿದ್ರೆ ಬಚ್ಚಲ ತುಂಬ ಇರುವೆ ಕಣೇ. ಆ ಮಾತ್ರೆಗೆ ಸಿಹಿ ಏನಾದ್ರೂ ಹಾಕಿರ್ತಾರಾ?"

ನಾನು ನಕ್ಕುಬಿಟ್ಟೆ. ಟಿಬಿ ಮಾತ್ರೆಗಳಲ್ಲಿರುವ ರಿಫಾಂಪಿಸಿನ್‌ನಿಂದ ಮೂತ್ರ ಕೆಂಪಗಾಗುತ್ತೆ ಅಂತ ಓದಿದ್ದೆ. ಹಾಗಾಗಿ ಮೂತ್ರದ ವಿಷಯ ಏನೇ ಬಂದರೂ ಮಾತ್ರೆಯ ಲೆಕ್ಕಕ್ಕೆ ಹಾಕಿದೆ. ನೀರು ಜಾಸ್ತಿ ಕುಡೀತಾರೆ, ಬೇಸಿಗೆ ಅಲ್ವಾ ಅಂದೆ. ತೂಕ ಏರುತ್ತಿಲ್ಲ, ಟಿಬಿ ಅಲ್ವಾ ಅಂದೆ. ಎರಡು ತಿಂಗಳಾದರೂ ಕಫದಲ್ಲಿ ಟಿಬಿ ಹೋಗಿರಲಿಲ್ಲ, ಮೊದಲ ಹಂತದ ಮಾತ್ರೆಯನ್ನೇ ಇನ್ನೊಂದು ತಿಂಗಳು ಮುಂದುವರಿಸಿದರು. ಸರಿಯಾಗಿ ಉಂಡರೆ ತಾನೆ ವಾಸಿಯಾಗೋದು ಅಂತ ಅವರಿಗೇ ಬೈದೆ. ಇರುವೆಯನ್ನು ಎಲ್ಲಿ ಬರೆದೆ ಗೊತ್ತಾ? ನೈರ್ಮಲ್ಯದ ಕಾಲಂನಲ್ಲಿ. "ಕ್ರಿಮಿಕೀಟಗಳ ಕಾಟ: ಇದೆ" ಅಂತ ಟಿಕ್ ಹಾಕಿದೆ. ನಮ್ಮಜ್ಜಿಯ ಕಿವಿಗೆ ಬಿದ್ದಿದ್ದರೂ ಸಾಕಿತ್ತು, ಅವರು ಅಲ್ಲೇ ಹೇಳಿಬಿಡುತ್ತಿದ್ದರು. ಶುಗರ್ ಕಾಯಿಲೆಗೆ ಕನ್ನಡದಲ್ಲಿ ಹೆಸರೇ ಸಿಹಿಮೂತ್ರ ರೋಗ.

ಅವತ್ತೂ ನನ್ನ ಬ್ಯಾಗಲ್ಲಿ ಶುಗರ್ ನೋಡುವ ಗ್ಲುಕೋಮೀಟರ್ ಇತ್ತು. ಸ್ಟ್ರಿಪ್ ದುಬಾರಿ ಅಂತ ಅಪಾರ್ಟ್‌ಮೆಂಟಿಗೆ ಎತ್ತಿಟ್ಟಿದ್ದೆ. ಮೂರು ಹೊತ್ತೂ ರೇಷನ್ ಅಕ್ಕಿ ಅನ್ನ, ತಿಳಿಸಾರು ಉಣ್ಣುವ 38 ಕೆಜಿ ಹೆಂಗಸಿಗೆ ಶುಗರ್ ಎಲ್ಲಿಂದ ಬರಬೇಕು ಅನ್ನೋದು ನನ್ನ ತಲೆಯಲ್ಲಿದ್ದದ್ದು. ಫಾರಂನಲ್ಲಿ ಕಾಲಂ ಇಲ್ಲದೆ ಹೋದದ್ದು ಅದೇ ಕಾರಣಕ್ಕೆ. ಕಾಲಂ ಇಲ್ಲದ್ದಕ್ಕೆ ಕೇಳಲಿಲ್ಲ. ಅವರಾಗಿಯೇ ಬಾಯಿಬಿಟ್ಟು ಹೇಳಿದಾಗಲೂ ನನಗೆ ಕೇಳಿಸಲಿಲ್ಲ.

ಐದನೇ ತಿಂಗಳು. ಊದುಬತ್ತಿಯ ಬಿದಿರು ಕಡ್ಡಿ ಎಡಗಾಲಿನ ಬೆರಳಿಗೆ ಚುಚ್ಚಿ ಒಳಗೇ ಮುರಿದುಕೊಂಡಿತ್ತು. ಅವರಿಗೆ ನೋವೇ ಗೊತ್ತಾಗಿರಲಿಲ್ಲ. ವಾಸನೆ ಬಂದ ಮೇಲೆ ನೋಡಿಕೊಂಡಿದ್ದು. ಆಸ್ಪತ್ರೆಯಲ್ಲಿ ಶುಗರ್ 412. ಎಷ್ಟೋ ವರ್ಷದಿಂದ ಇರಬೇಕು, ಅದಕ್ಕೇ ಕಾಲಿಗೆ ನೋವು ಗೊತ್ತಾಗಿಲ್ಲ ಅಂದರು ಡಾಕ್ಟರು. ಎರಡು ಬೆರಳು ತೆಗೆದರು.

ನನ್ನ ಎರಡು ಪಟ್ಟಿಗಳು ಒಂದೇ ಮೈಯಲ್ಲಿ ಸೇರಿಕೊಂಡಿದ್ದವು. ಶುಗರ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಎರಡರಿಂದ ಮೂರು ಪಟ್ಟು ಜಾಸ್ತಿ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಟಿಬಿ ಬೇಗ ವಾಸಿಯಾಗೋದೂ ಇಲ್ಲ. ಟಿಬಿ ಬಂದವರೆಲ್ಲರಿಗೂ ಶುಗರ್ ಪರೀಕ್ಷೆ ಮಾಡಬೇಕು ಅಂತ 2017ರಲ್ಲಿ ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಬಂತು. ಅದೇ ವರ್ಷ, ಹಲವು ರಾಜ್ಯಗಳಲ್ಲಿ ಶುಗರ್ ಎಷ್ಟು ಜನಕ್ಕಿದೆ ಅಂತ ನೋಡಿದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಒಂದು ವರದಿ ಬಂತು. ಹೆಚ್ಚು ಮುಂದುವರಿದ ರಾಜ್ಯಗಳ ಪಟ್ಟಣಗಳಲ್ಲಿ ಶುಗರ್ ಉಳ್ಳವರಿಗಿಂತ ಬಡವರಲ್ಲೇ ಜಾಸ್ತಿ ಅಂತ ಅದರಲ್ಲಿದೆ. ನೀವು ಶ್ರೀಮಂತರ ಕಾಯಿಲೆ ಅಂತ ಬರೆದಿದ್ದೀರಲ್ಲ, ಅದನ್ನು ಹೊಡೆದು ಹಾಕಿ.

ಹೃದಯದ ಕಾಯಿಲೆಯದೂ ಅದೇ ಕಥೆ. 1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರನ್ನು ವರ್ಷಗಟ್ಟಲೆ ಗಮನಿಸುವ ವೈಟ್‌ಹಾಲ್ ಅಧ್ಯಯನ ಶುರುವಾಯಿತು. ಹೃದಯಾಘಾತದಿಂದ ಜಾಸ್ತಿ ಸತ್ತದ್ದು ದೊಡ್ಡ ಸಾಹೇಬರಲ್ಲ, ಜವಾನರು, ಬಾಗಿಲು ಕಾಯುವವರು. ನಮ್ಮ ಮೈಸೂರಿನದೇ ಇನ್ನೊಂದಿದೆ. ಮಿಷನ್ ಆಸ್ಪತ್ರೆ ಅಂತೀವಲ್ಲ, ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿದ್ದರು. ಆ ಮಕ್ಕಳು ನಡುವಯಸ್ಸಿಗೆ ಬಂದ ಮೇಲೆ ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಅದು ಪ್ರಕಟವಾಯಿತು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲೇ ಹೃದಯದ ಕಾಯಿಲೆ ಜಾಸ್ತಿ ಇತ್ತು. ಬಸುರಿಯ ಹೊಟ್ಟೆಗೆ ಸಾಲದೆ ಹೋದದ್ದು ಐವತ್ತು ವರ್ಷ ಆದ ಮೇಲೆ ಮಗುವಿನ ಎದೆಯಲ್ಲಿ ಕಾಣಿಸಿಕೊಳ್ಳುತ್ತೆ. ನಮ್ಮಮ್ಮ, ಚಿಕ್ಕಮ್ಮ ಹುಟ್ಟಿದ್ದು ಎಂಥ ಮನೆಯಲ್ಲಿ ಅಂತ ಯೋಚಿಸಿದರೆ ನನಗೆ ಈಗಲೂ ಸಂಕಟ ಆಗುತ್ತೆ.

ಅಪಾರ್ಟ್‌ಮೆಂಟಿನ ಫಾರಂ ಕೂಡ ತಪ್ಪೇ. ಅಲ್ಲೊಬ್ಬರು ಆಂಟಿ ಕಾಫಿ ಕೊಡುತ್ತಾ, ಎರಡೂ ಮಕ್ಕಳಿಗೆ ಡೆಂಗ್ಯೂ ಬಂದು ಎದ್ದರು ಅಂದರು. ಟೀಪಾಯಿ ಮೇಲೆ ಮನಿಪ್ಲಾಂಟ್ ಬಾಟಲಿಯ ತಿಳಿನೀರಲ್ಲಿ ಹುಳ ಆಡುತ್ತಿದ್ದವು. ಡೆಂಗ್ಯೂ ಹರಡುವ ಸೊಳ್ಳೆ ಹೆಚ್ಚಾಗಿ ಮೊಟ್ಟೆ ಇಡೋದು ಇಂಥ ತಿಳಿನೀರಲ್ಲೇ. ಆ ಫಾರಂನಲ್ಲಿ ಜ್ವರದ ಕಾಲಂ ಇರಲಿಲ್ಲ.

ಹಾಗಾದರೆ ಶ್ರೀಮಂತರಿಗೂ ಬಡವರಿಗೂ ವ್ಯತ್ಯಾಸವೇ ಇಲ್ವಾ ಅಂತ ಕೇಳ್ತೀರಿ. ಬೇಕಾದಷ್ಟಿದೆ. ಅದನ್ನು ಕಾಯಿಲೆಯ ಹೆಸರಲ್ಲಿ ಹುಡುಕಬೇಡಿ. ಒಂದೇ ಫಾರಂ ಮಾಡಿ, ಎರಡೂ ಕಡೆ ಅದನ್ನೇ ಕೇಳಿ. ಕಾಯಿಲೆ ಇದೆ ಅಂತ ಯಾವಾಗ ಗೊತ್ತಾಯಿತು, ಹೇಗೆ ಗೊತ್ತಾಯಿತು ಅಂತ ಕೇಳಿ. ನಾನು ಮಾತಾಡಿಸಿದ ಅಪಾರ್ಟ್‌ಮೆಂಟಿನವರಲ್ಲಿ ಬಹಳಷ್ಟು ಜನಕ್ಕೆ ಶುಗರ್ ಗೊತ್ತಾಗಿದ್ದು ವರ್ಷದ ಹೆಲ್ತ್ ಚೆಕಪ್‌ನಲ್ಲಿ. ಚಿಕ್ಕಮ್ಮನಿಗೆ ಗೊತ್ತಾಗಿದ್ದು ಬೆರಳು ಕೊಳೆತ ಮೇಲೆ. ಆಸ್ಪತ್ರೆಗೆ ಹೋದ ದಿನ ಕೂಲಿ ಹೋಯಿತಾ, ಜೊತೆಗೆ ಯಾರು ಹೋದರು, ಮಾತ್ರೆ ತಿಂಗಳ ಕೊನೆವರೆಗೂ ಬರುತ್ತಾ, ಇದನ್ನೆಲ್ಲ ಬರೆದುಕೊಳ್ಳಿ.

ತಟ್ಟೆಯಲ್ಲಿ ಏನಿದೆ ಅಂತಲೂ ನೋಡಿ. ಮಂಗಳೂರಿನ ಯೆನೆಪೊಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ಟಿಬಿ ರೋಗಿಗಳ ಮನೆಯವರಿಗೂ ತಿಂಗಳು ತಿಂಗಳು ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಕೊಟ್ಟು ನೋಡಿತು. ಮನೆಯವರಿಗೆ ಹೊಸದಾಗಿ ಟಿಬಿ ಬರೋದು 39% ಕಡಿಮೆ ಆಯಿತು. 2023ರಲ್ಲಿ ಇದು ಪ್ರಕಟವಾಗಿದೆ. ಬೇಳೆ ಎಷ್ಟು ದಿನಕ್ಕೊಮ್ಮೆ ಅನ್ನೋ ಕಾಲಂ ನಿಮ್ಮ ಫಾರಂನಲ್ಲಿ ಇರಲೇಬೇಕು.

ಸ್ಟ್ರಿಪ್‌ಗೆ ದುಡ್ಡು ಸಾಲದಿದ್ದರೆ ಅಪಾರ್ಟ್‌ಮೆಂಟಿನಲ್ಲಿ ಖರ್ಚು ಮಾಡಬೇಡಿ. ಅಲ್ಲಿಯವರ ಹತ್ತಿರ ರಿಪೋರ್ಟ್ ಇರುತ್ತೆ, ಅದನ್ನೇ ಕೇಳಿ. ಸ್ಟ್ರಿಪ್ ಎಲ್ಲ ಶೀಟ್ ಮನೆಗಳಿಗೆ ಇಟ್ಟುಕೊಳ್ಳಿ. ತೆಳ್ಳಗಿದ್ದಾರೆ ಅಂತ ಯಾರನ್ನೂ ಬಿಡಬೇಡಿ. ಚಪ್ಪಲಿ ಬಿಚ್ಚಿಸಿ ಬೆರಳ ಸಂದಿ ನೋಡಿ. ಬಚ್ಚಲಿಗೆ ಇರುವೆ ಬರುತ್ತಾ ಅಂತಲೂ ಒಂದು ಮಾತು ಕೇಳಿ. ಮೂತ್ರದ ವಿಷಯ ಅಂದರೆ ನಾಚಿಕೊಳ್ಳುವ ಹೆಂಗಸರೂ ಅದಕ್ಕೆ ಉತ್ತರ ಕೊಡ್ತಾರೆ.