ಫಿಲ್ ಸ್ಕಾಟ್ ಯಾವ ಮನೆತನದವರು?

ಅಮೆರಿಕದ ವರ್ಮಾಂಟ್ ರಾಜ್ಯಕ್ಕೆ ನೀವು ಬಂದು ಇನ್ನೂ ತಿಂಗಳಾಗಿಲ್ಲ. ಡೆಮಾಕ್ರಟಿಕ್ ಪಕ್ಷಕ್ಕೇ ಒಲಿದಿರುವ ಈ ರಾಜ್ಯದಲ್ಲಿ ರಿಪಬ್ಲಿಕನ್ ಪಕ್ಷದ ಫಿಲ್ ಸ್ಕಾಟ್ ಮತ್ತೆ ಮತ್ತೆ ಗವರ್ನರ್ ಆಗಿ ಚುನಾಯಿತರಾಗುವುದು ಹೇಗೆ, ಅವರದು ದೊಡ್ಡ ಮನೆತನವೇ ಎಂದು ನೀವು ಕೇಳಿದ್ದೀರಿ. ನಮ್ಮ ರಾಜಕಾರಣ ನೋಡಿ ಬೆಳೆದವರಿಗೆ ಈ ಪ್ರಶ್ನೆ ಸಹಜ. ಹದಿನೆಂಟು ವರ್ಷಗಳಿಂದ ಇಲ್ಲಿರುವ ನಾನು ಹೇಳಬಲ್ಲೆ: ಅವರ ಹಿಂದೆ ಇರುವುದು ಮನೆತನವಲ್ಲ, ಒಂದು ಊರು.

ಆ ಊರು ಬ್ಯಾರಿ. (ಫಲಕದ ಮೇಲಿನ Barre ಎಂಬ ಅಕ್ಷರ ನೋಡಿ ನಾನು ಆರು ತಿಂಗಳು ‘ಬಾರ್’ ಎನ್ನುತ್ತಿದ್ದೆ, ನೀವು ಹಾಗೆ ಮಾಡಬೇಡಿ.) ಇಳಕಲ್ಲಿಗೆ ಕೆಂಪು ಗ್ರಾನೈಟ್ ಹೇಗೋ ಬ್ಯಾರಿಗೆ ಬೂದು ಗ್ರಾನೈಟ್ ಹಾಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಟಲಿ, ಸ್ಕಾಟ್ಲೆಂಡ್‌ಗಳ ಕಲ್ಲುಕುಟಿಗರು ಬಂದು ನೆಲೆಸಿದ, ಕಲ್ಲಿನ ದೂಳು ಶ್ವಾಸಕೋಶ ಸೇರಿ ಅವರಲ್ಲಿ ಅನೇಕರು ಅಕಾಲದಲ್ಲೇ ಸತ್ತ, 1900ರಲ್ಲಿ ಕಾರ್ಮಿಕರು ತಮ್ಮ ಸಮಾಜವಾದಿ ಸಭಾಭವನವನ್ನು ತಾವೇ ಕಟ್ಟಿಕೊಂಡ ಊರು ಅದು. ಸ್ಕಾಟ್ ಹುಟ್ಟಿದ್ದು ಅಲ್ಲಿಯೇ, 1958ರ ಆಗಸ್ಟ್ 4ರಂದು. ಅವರ ತಂದೆ ಎರಡನೆಯ ಮಹಾಯುದ್ಧದಲ್ಲಿ ನಡೆಸುತ್ತಿದ್ದ ಟ್ಯಾಂಕ್ ನೆಲಬಾಂಬಿನ ಮೇಲೆ ಹರಿದು ಎರಡೂ ಕಾಲುಗಳನ್ನು ಕಳೆದುಕೊಂಡಿದ್ದರು. ಆದರೂ ಮೋಟಾರು ವಾಹನಗಳ ಪರವಾನಗಿಗೆ ಸಂಬಂಧಿಸಿದ ಸರ್ಕಾರಿ ನೌಕರಿ ಮಾಡಿ ಸಂಸಾರ ನಡೆಸಿ, ಕೊನೆಗೆ ಆ ಗಾಯಗಳಿಂದಲೇ 1969ರಲ್ಲಿ ತೀರಿಕೊಂಡರು.

ಮಗ ಊರಿನ ಸ್ಪಾಲ್ಡಿಂಗ್ ಹೈಸ್ಕೂಲಿನಲ್ಲಿ ಓದಿ, 1980ರಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಓದಿದ್ದು ಕಾನೂನೂ ಅಲ್ಲ, ರಾಜ್ಯಶಾಸ್ತ್ರವೂ ಅಲ್ಲ, ಕೈಗಾರಿಕಾ ಶಿಕ್ಷಣ. ಮುಂದೆ ಮೋಟಾರ್‌ಸೈಕಲ್ ಅಂಗಡಿ ಇಟ್ಟರು, ಆಮೇಲೆ ನೆಲ ಅಗೆಯುವ, ನಿರ್ಮಾಣ ಕಾಮಗಾರಿ ನಡೆಸುವ ಗುತ್ತಿಗೆ ಕಂಪನಿಯೊಂದರ ಸಹಮಾಲೀಕರಾದರು. 2000ದಲ್ಲಿ ರಾಜ್ಯ ಸೆನೆಟ್‌ಗೆ ಆಯ್ಕೆಯಾದಾಗ ಅವರಿಗೆ ನಲವತ್ತೆರಡು ವರ್ಷ.

2018ರಲ್ಲಿ ಶಾಸನಭವನದ ಮೆಟ್ಟಿಲ ಮೇಲೆ, ಬಂದೂಕು ಪ್ರಿಯರ ಕೂಗಾಟದ ನಡುವೆಯೇ, ಬಂದೂಕು ನಿಯಂತ್ರಣದ ಮಸೂದೆಗಳಿಗೆ ಸಹಿ ಹಾಕಿದ್ದರಿಂದಲೂ 2020ರಲ್ಲಿ ಎದುರು ಪಕ್ಷದ ಬೈಡನ್ ಅವರಿಗೆ ಮತ ಕೊಟ್ಟೆನೆಂದು ಬಹಿರಂಗವಾಗಿ ಹೇಳಿದ್ದರಿಂದಲೂ ಹೊರಗಿನವರು ಅವರನ್ನು ಮಧ್ಯಮಮಾರ್ಗಿ ಎನ್ನುತ್ತಾರೆ. ಆದರೆ ಇಲ್ಲಿಯವರು ಅವರನ್ನು ತಮ್ಮವನೆಂದುಕೊಂಡದ್ದು ಅದಕ್ಕೆ ಎಷ್ಟೋ ಮೊದಲು, ಬ್ಯಾರಿಯ ಥಂಡರ್ ರೋಡ್ ರೇಸ್ ಟ್ರ್ಯಾಕಿನಲ್ಲಿ ಎಂಬುದು ನನ್ನ ಅಂದಾಜು. ವರ್ಷಗಟ್ಟಲೆ ಅಲ್ಲಿ ಕಾರು ಓಡಿಸಿದ ಅವರು ಗವರ್ನರ್ ಆದ ಮೇಲೂ, 2017ರಲ್ಲಿ, ಒಂದು ರೇಸ್ ಗೆದ್ದರು. ಬೇಸಿಗೆಯಲ್ಲಿ ಗುರುವಾರ ಸಂಜೆ ರೇಸ್ ಇರುತ್ತದೆ. ಮಕ್ಕಳೊಡನೆ ಹೋಗುವುದಾದರೆ ಅವರ ಕಿವಿಗೆ ಶಬ್ದ ತಡೆಯುವ ಇಯರ್‌ಮಫ್ ಹಾಕಿ ಕರೆದೊಯ್ಯಿರಿ.