ಗಾಲ್ಫ್‌ಗೆ ಬ್ಲೇಡ್ ಐರನ್ ತಗೊಳ್ಳಲಾ, ಕ್ಯಾವಿಟಿ ಬ್ಯಾಕಾ?

ಗಾಲ್ಫ್ ಆಡಲು ಶುರುಮಾಡಿ ಒಂದು ವರ್ಷ, ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರುವ ಅಂಕಿ, ಕಡಿಮೆಯಿದ್ದಷ್ಟೂ ಒಳ್ಳೆಯದು) 22, ಆದರೂ ಐರನ್ ಕ್ಲಬ್ಬುಗಳಲ್ಲಿ ಬ್ಲೇಡ್ ಮೇಲೇ ಮನಸ್ಸು ಅಂದಿದ್ದೀರಿ. ಸದ್ಯಕ್ಕೆ ಬೇಡ, ಕ್ಯಾವಿಟಿ ಬ್ಯಾಕ್ ತಗೊಳ್ಳಿ.

ಬ್ಲೇಡ್‌ನಲ್ಲಿ ತೂಕ ಹೆಚ್ಚಾಗಿ ನಡುವಿನಲ್ಲೇ ಇರುತ್ತದೆ. ಚೆಂಡು ತುದಿಗೆ ತಗುಲಿದರೆ ಕ್ಲಬ್ಬಿನ ತಲೆ ತಿರುಚಿಕೊಳ್ಳುತ್ತದೆ, ದೂರ ಕಡಿಮೆಯಾಗುತ್ತದೆ, ಕೈಯೂ ಜುಮ್ಮೆನ್ನುತ್ತದೆ. ಕ್ಯಾವಿಟಿ ಬ್ಯಾಕ್‌ನಲ್ಲಿ ಹಿಂಬದಿ ಕೊರೆದು ಆ ತೂಕವನ್ನು ಸುತ್ತಲಿನ ಅಂಚಿಗೆ ಹಂಚಿರುತ್ತಾರೆ. ತಲೆ ಅಷ್ಟು ಸುಲಭಕ್ಕೆ ತಿರುಗುವುದಿಲ್ಲ. ಪಿಂಗ್ ಕಂಪನಿ ಕಟ್ಟಿದ ಇಂಜಿನಿಯರ್ ಕಾರ್ಸ್ಟನ್ ಸೋಲ್‌ಹೈಮ್ ಜನಪ್ರಿಯಗೊಳಿಸಿದ ಉಪಾಯ ಇದು.

ಬ್ಲೇಡ್‌ನಲ್ಲಿ ಚೆಂಡನ್ನು ಬೇಕಾದ ಕಡೆ ಬಾಗಿಸುವುದು ಸುಲಭ, ನಿಜ. ಮೊದಲು ನೆಟ್ಟಗೆ ಹೋಗಬೇಕಲ್ವಾ?

ಒಂದು ಮಾತು: ಬ್ಲೇಡ್‌ನ 7ನೇ ನಂಬರ್ ಐರನ್‌ನ ಲಾಫ್ಟ್ (ಕ್ಲಬ್ಬಿನ ಮುಖದ ಓರೆ) ಸುಮಾರು 34 ಡಿಗ್ರಿ, ಕೆಲವು ಹೊಸ ಕ್ಯಾವಿಟಿ ಬ್ಯಾಕ್‌ಗಳಲ್ಲಿ 30ಕ್ಕೂ ಕಡಿಮೆ. ಓರೆ ಕಡಿಮೆಯಾದರೆ ಚೆಂಡು ಸಾಮಾನ್ಯವಾಗಿ ಹೆಚ್ಚು ದೂರ ಹೋಗುತ್ತದೆ. ಅಂಗಡಿಯಲ್ಲಿ ಹತ್ತು ಗಜ ಜಾಸ್ತಿ ಹೋಯಿತೆಂದು ಸುಮ್ನೆ ಮರುಳಾಗಬೇಡಿ.